ಮೈಸೂರು–ಬೆಂಗಳೂರು ದಶಪಥದಲ್ಲಿ ಎಷ್ಟು ವೇಗ? ಗ್ಯಾರೇಜ್ ಮಾಲೀಕರಿಗೆ ಗುಂಪಿನ ಸದಸ್ಯರ ಪ್ರಶ್ನೆಗಳು

ಸರಸ್ವತಿಪುರಂ ಸದಸ್ಯೆ: ನಮಸ್ಕಾರ ಸರ್. ಕಾರು 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಕಳೆದ ವಾರ ಗುಂಡಿಗೆ ಇಳಿದ ಮೇಲೆ ಮುಂದಿನ ಎಡ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಭಾನುವಾರ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಧಾನವಾಗಿ ಹೋದರೆ ಸಾಕೇ?

ಗ್ಯಾರೇಜ್ ಮಾಲೀಕ: ಸಾಲದು, ಅಮ್ಮಾ. ಉಬ್ಬು ಬಂದಿದೆಯೆಂದರೆ ಟೈರಿನ ಒಳಗಿನ ದಾರಗಳು ಹರಿದಿವೆ. ಗಾಳಿಯನ್ನು ಈಗ ಬರೀ ರಬ್ಬರ್ ತಡೆದುಕೊಂಡಿದೆ. 100ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ತಿರುಗುತ್ತದೆ, ಪ್ರತಿ ಸುತ್ತಿನಲ್ಲೂ ಆ ಜಾಗ ಹಿಸುಕಿಕೊಳ್ಳುತ್ತದೆ. ಯಾವಾಗ ಸಿಡಿಯುತ್ತದೆಂದು ಯಾರೂ ಹೇಳಲಾರರು, ಮುಂದಿನ ಚಕ್ರವಾದ್ದರಿಂದ ಕಾರು ಒಂದು ಕಡೆಗೆ ಎಳೆಯುತ್ತದೆ. ಇದಕ್ಕೆ ಪಂಕ್ಚರ್ ಅಂಗಡಿಯಲ್ಲಿ ತೇಪೆ ಇಲ್ಲ. ಟೈರ್ ಬದಲಿಸಲೇಬೇಕು. ನಡುಕ ಆಮೇಲೂ ಉಳಿದರೆ ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡೋಣ. ಸ್ಟೆಪ್ನಿ ಹಾಕುವ ಮುನ್ನ ಅದರ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಇಲ್ಲಿ ಬರೆಯಿರಿ, ಟೈರ್ ತಯಾರಾದ ವಾರ, ವರ್ಷ ತಿಳಿಯುತ್ತದೆ.

ಮಂಡ್ಯ ಸದಸ್ಯ: ಬೇಸಿಗೆಯಲ್ಲಿ ಟೈರ್ ಸಿಡಿಯದಿರಲು ಗಾಳಿ ಐದು ಪಾಯಿಂಟ್ ಕಡಿಮೆ ಇಡಬೇಕಂತೆ. ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು.

ಗ್ಯಾರೇಜ್ ಮಾಲೀಕ: ಇಡಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರ್ ಹೆಚ್ಚು ಮಡಚಿಕೊಂಡು ಇನ್ನಷ್ಟು ಬಿಸಿಯಾಗುತ್ತದೆ. ಕಂಪನಿ ಹೇಳಿದ ಅಳತೆಯಷ್ಟೇ ಇರಲಿ, ಟೈರ್ ತಣ್ಣಗಿರುವಾಗ ನೋಡಿ. ಆ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ಶ್ರೀರಂಗಪಟ್ಟಣ ಸದಸ್ಯ: ಎಲೆಕ್ಟ್ರಿಕ್ ಕಾರು ಒಂದೇ ಚಾರ್ಜ್‌ನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತದೆಯೇ?

ವಿಜಯನಗರ ಸದಸ್ಯ: ನೈಟ್ರೋಜನ್ ತುಂಬಿಸಿದರೆ 140ರಲ್ಲೂ ಭಯವಿಲ್ಲವಂತೆ, ನಿಜವೇ?

ಗ್ಯಾರೇಜ್ ಮಾಲೀಕ: ಸುಳ್ಳು. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ.

ಹೆಬ್ಬಾಳ ಸದಸ್ಯ: ಸುಮ್ಮನೆ ಹೆದರಿಸುತ್ತೀರಿ. ನಾನು ಮೈಸೂರಿನಿಂದ ಒಂದೇ ಗಂಟೆಯಲ್ಲಿ ಬೆಂಗಳೂರು ತಲುಪಿದ್ದೇನೆ.

ಮದ್ದೂರು ಸದಸ್ಯ: 119 ಕಿ.ಮೀ. ದಾರಿ. ಸರಾಸರಿಯೇ 119 ಆಯಿತು. ಮಿತಿ 100.

ಹೆಬ್ಬಾಳ ಸದಸ್ಯ: ಟೋಲ್ ಕೊಡುವುದು ತೆವಳುವುದಕ್ಕೇ?

ಮದ್ದೂರು ಸದಸ್ಯ: 100ರಲ್ಲಿ ಹೋದರೆ 71 ನಿಮಿಷ. ಹನ್ನೊಂದು ನಿಮಿಷ ಉಳಿಸಿ ಏನು ಕಟ್ಟಿಕೊಂಡಿರಿ? ಅಪಘಾತವಾದಾಗ ಓಡಿಬರುವವರು ನಾವು, ರಸ್ತೆ ಪಕ್ಕದ ಊರಿನವರು.

ಹೆಬ್ಬಾಳ ಸದಸ್ಯ: ನನ್ನ ಕಾರು 180 ಓಡುತ್ತದೆ, ಬ್ರೇಕ್ ಚೆನ್ನಾಗಿದೆ. ನಿಮ್ಮ ಉಪದೇಶ ಬೇಡ.

ಗ್ಯಾರೇಜ್ ಮಾಲೀಕ: ಇಬ್ಬರೂ ನಿಲ್ಲಿಸಿ. 100ರ ಬದಲು 120ರಲ್ಲಿದ್ದರೆ ಅದೇ ಬ್ರೇಕಿಗೆ ಕಾರು ನಿಲ್ಲಲು ಶೇ 44ರಷ್ಟು ಹೆಚ್ಚು ದೂರ ಬೇಕು. ಬ್ರೇಕ್ ಒತ್ತುವ ಮೊದಲೇ, ಒಂದು ಸೆಕೆಂಡ್ ತಡವಾದರೂ, 33 ಮೀಟರ್ ಹೋಗಿರುತ್ತದೆ. ಮತ್ತೆ ಇದನ್ನು ವಿವರಿಸುವುದಿಲ್ಲ.

ಶ್ರೀರಂಗಪಟ್ಟಣ ಸದಸ್ಯ: ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ವಿಜಯನಗರ ಸದಸ್ಯ: ಹಾಗಾದರೆ ನೈಟ್ರೋಜನ್ ಬೇಡವೇ?

ಗ್ಯಾರೇಜ್ ಮಾಲೀಕ: ಮೇಲೆ ಓದಿ.

ಸರಸ್ವತಿಪುರಂ ಸದಸ್ಯೆ: ಸರ್, ಸ್ಟೆಪ್ನಿಯ ಮೇಲೆ 0913 ಎಂದಿದೆ.

ಗ್ಯಾರೇಜ್ ಮಾಲೀಕ: 2013ರ ಒಂಬತ್ತನೇ ವಾರ ತಯಾರಾದ ಟೈರ್. ಅಷ್ಟು ಹಳೆಯದನ್ನು ನಂಬಿ ಹೆದ್ದಾರಿಗೆ ಇಳಿಯಬೇಡಿ. ಭಾನುವಾರದೊಳಗೆ ಹೊಸ ಟೈರ್ ಸಿಗದಿದ್ದರೆ ಅಪ್ಪನನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ.