ತೀರ್ಥಹಳ್ಳಿ ಮನೆಗೆ ಪ್ರೊಜೆಕ್ಟರ್ ಬೇಕಾ? (ನಮ್ಮ ಕುಟುಂಬದ ಮೆಸೇಜ್ ಗುಂಪಿನಲ್ಲಿ ನಡೆದ ಮಾತು)

ಭಾನುವಾರ

ರಘು: (ಫಾರ್ವರ್ಡ್) ನಿಮ್ಮ ಮನೆ ಗೋಡೆಯೇ ಇನ್ನು ಥಿಯೇಟರ್! 150 ಇಂಚು! 4ಕೆ ಸಪೋರ್ಟ್! 9,000 ಲ್ಯೂಮೆನ್ಸ್! ಬರೀ ₹7,499! ಇವತ್ತು ರಾತ್ರಿವರೆಗೆ ಮಾತ್ರ!

ರಘು: ಎಲ್ಲರೂ ನೋಡಿ. ತೀರ್ಥಹಳ್ಳಿ ಮನೆಯ ಟಿವಿ 32 ಇಂಚಿನದು, ಅದೂ ಹಳೇದು. ಗೌರಿ ಹಬ್ಬಕ್ಕೆ ಹೇಗೂ ಎಲ್ಲರೂ ಸೇರುತ್ತೇವಲ್ಲ, ತಲೆಗೆ ಸಾವಿರದಂತೆ ಹಾಕಿ ದೊಡ್ಡಮ್ಮನಿಗೆ ಇದನ್ನು ಕೊಡಿಸೋಣ. ಜಗಲಿ ಗೋಡೆ ಖಾಲಿಯೇ ಇದೆ. ಏನಂತೀರಿ?

ಅತ್ತೆ: ಒಳ್ಳೆಯ ಯೋಚನೆ. ನನ್ನ ಸಾವಿರ ಈಗಲೇ ಕಳಿಸಿದೆ ನೋಡು.

ಚಿಕ್ಕಪ್ಪ: ಜಗಲಿ ಗೋಡೆ ಎಲ್ಲಿ ಖಾಲಿ ಇದೆ? ಅಪ್ಪ ಅಮ್ಮನ ಫೋಟೋ ಇದೆ.

ರಘು: ಸಿನಿಮಾ ನೋಡುವಾಗ ಇಳಿಸಿದರಾಯ್ತು ಚಿಕ್ಕಪ್ಪ.

ಚಿಕ್ಕಪ್ಪ: ಇಳಿಸಿದರಾಯ್ತಂತೆ.

ಸುಮಾ: ರಘು, ಆರ್ಡರ್ ಮಾಡಬೇಡ, ಸ್ವಲ್ಪ ತಡಿ. "4ಕೆ ಸಪೋರ್ಟ್" ಅಂದರೆ 4ಕೆ ತೋರಿಸುತ್ತದೆ ಅಂತಲ್ಲ. 4ಕೆ ಸಿಗ್ನಲ್ ಕೊಟ್ಟರೆ ಬೇಡ ಅನ್ನುವುದಿಲ್ಲ, ಅಷ್ಟೇ. ಈ ಬೆಲೆಯವುಗಳ ಒಳಗೆ ಇರುವುದು 720ಪಿ, ತಪ್ಪಿದರೆ 1080ಪಿ. ಚಿತ್ರದಲ್ಲಿ ಚುಕ್ಕಿಗಳ ಸಾಲು ಎಷ್ಟು ಅನ್ನುವ ಲೆಕ್ಕ ಅದು, 4ಕೆಗಿಂತ ಎಷ್ಟೋ ಕಡಿಮೆ. ಕೆಳಗೆ ಸಣ್ಣ ಅಕ್ಷರದಲ್ಲಿ "ನೇಟಿವ್ ರೆಸಲ್ಯೂಷನ್" ಅಂತ ಇರುತ್ತದೆ, ಅದನ್ನು ಹುಡುಕು. ಲ್ಯೂಮೆನ್ಸ್ ಅಂದರೆ ಬೆಳಕಿನ ಅಳತೆ, ಅದರ ಕಥೆಯೂ ಇದೇ. "ಆನ್ಸಿ ಲ್ಯೂಮೆನ್ಸ್ ಎಷ್ಟು", ಅಂದರೆ ನಿಗದಿತ ವಿಧಾನದಲ್ಲಿ ಅಳೆದಾಗ ಎಷ್ಟು, ಅಂತ ಕೇಳು, ಒಂದೋ ಉತ್ತರ ಬರುವುದಿಲ್ಲ, ಇಲ್ಲವೇ 9,000ದಲ್ಲಿ ಒಂದೆರಡು ಸೊನ್ನೆ ಉದುರಿರುತ್ತವೆ.

ರಘು: ನೀನು ಎಡಿಟಿಂಗ್ ರೂಮಿನಲ್ಲಿ ಕೂತು ಕೂತು ಹಾಳಾಗಿದ್ದೀಯ. ದೊಡ್ಡಮ್ಮ ಏನು ಚುಕ್ಕಿ ಎಣಿಸುತ್ತಾರಾ?

ಸುಮಾ: ಎಣಿಸುವ ಹಾಗೇ ಕಾಣುತ್ತವೆ ಮಾರಾಯ. ಓಟಿಟಿ ಆ್ಯಪ್‌ಗಳು ಚಿತ್ರ ಕಳಿಸುವ ಮೊದಲು ನಿನ್ನ ಸಾಧನ ಎಂಥದ್ದು ಅಂತ ನೋಡುತ್ತವೆ. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ವೈಡ್‌ವೈನ್ ಅಂತ ಗೂಗಲ್‌ನ ಒಂದು ಬೀಗ ಇದೆ. ಅದರಲ್ಲಿ ಮೇಲಿನ ಮಟ್ಟ ಎಲ್1, ಕೆಳಗಿನದು ಎಲ್3. ಎಲ್1 ಇದ್ದರೆ ಎಚ್‌ಡಿ ಬರುತ್ತದೆ. ಬರೀ ಎಲ್3 ಇದ್ದರೆ ಸಾಮಾನ್ಯವಾಗಿ 480ಪಿಗೇ ನಿಲ್ಲುತ್ತದೆ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಎಷ್ಟೋ ಎಲ್3ನವೇ. ಆ 480ಪಿಯನ್ನು 150 ಇಂಚಿಗೆ ಎಳೆದರೆ ಒಂದೊಂದು ಚುಕ್ಕಿ ಹತ್ತಿರಹತ್ತಿರ 4 ಮಿಲಿಮೀಟರ್. ಹೆಸರುಕಾಳಿನಷ್ಟು ದಪ್ಪ.

ಇನ್ನೊಂದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಚೆಲ್ಲಲು ಬರುವುದಿಲ್ಲ. ಬೆಳಕು ಬೀಳದೆ ಬಿಟ್ಟ ಜಾಗವೇ ಅದರ ಕಪ್ಪು. ಟ್ಯೂಬ್‌ಲೈಟ್ ಹಾಕಿದ ಜಗಲಿಯಲ್ಲಿ ಗೋಡೆ ಎಷ್ಟು ಬೆಳ್ಳಗಿರುತ್ತದೋ ಹೀರೋ ತಲೆಗೂದಲೂ ಅಷ್ಟೇ ಬೆಳ್ಳಗೆ. ಸಂಜೆ ಆರರಿಂದ ಹತ್ತರವರೆಗೆ ಆ ಮನೆಯಲ್ಲಿ ಯಾರಾದರೂ ಲೈಟ್ ಆರಿಸಲು ಬಿಡುತ್ತಾರಾ?

ದೊಡ್ಡಪ್ಪ: (ಚಿತ್ರ: ಸೂರ್ಯೋದಯ, ಗುಲಾಬಿ, ಶುಭ ಭಾನುವಾರ)

ಅತ್ತೆ: ಶುಭ ಭಾನುವಾರ ಅಣ್ಣ. ರಘು, ನನ್ನ ಸಾವಿರ ಬಂತಾ?

ಚಿಕ್ಕಪ್ಪ: ಈಗಿನವರಿಗೆ ಎಷ್ಟಿದ್ದರೂ ಸಾಲುವುದಿಲ್ಲ. 1987ರಲ್ಲಿ ನಾನು ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡಿದ್ದೆ. ಓನರ್ ಮನೆಯಲ್ಲಿ ಮರದ ಪೆಟ್ಟಿಗೆಯ ಟಿವಿ, ಎರಡು ಬಾಗಿಲು ಸರಿಸಿದರೆ ಪರದೆ. ಬ್ಲ್ಯಾಕ್ ಅಂಡ್ ವೈಟ್. ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್ ನೋಡಿದ್ದು ಅದರಲ್ಲೇ. ಅಷ್ಟೆಲ್ಲ ಕಷ್ಟಪಟ್ಟು ನಮ್ಮ ಆಗುಂಬೆಯಲ್ಲಿ ಕಲರ್‌ನಲ್ಲಿ ತೆಗೆದಿದ್ದರು. ನಾವು ನೋಡಿದ್ದು ಬೂದು ಬಣ್ಣದ ಆಗುಂಬೆ, ಅದೂ ಹಿಂದಿ ಮಾತಾಡುತ್ತಿತ್ತು. ಚಾಪೆ ಮೇಲೆ ಇಪ್ಪತ್ತು ಜನ. ಒಬ್ಬರೂ ಬಾಯಿ ಬಿಟ್ಟಿದ್ದಿಲ್ಲ.

ಪುಟ್ಟ: ಚಿಕ್ಕಪ್ಪ, ಬೇರೆ ಚಾನೆಲ್ ಇರಲಿಲ್ಲವಲ್ಲ, ಇನ್ನೇನು ಮಾಡುತ್ತಿದ್ದಿರಿ.

ಚಿಕ್ಕಪ್ಪ: ನೀನು ಹಾಸ್ಟೆಲ್‌ನಲ್ಲಿ ಫೋನ್ ಮೂತಿಗೆ ಹಿಡಿದುಕೊಂಡು ಸಿನಿಮಾ ನೋಡುವವನು. ನೀನು ಮಾತಾಡಬೇಡ.

ಪುಟ್ಟ: ಮಾತಾಡುತ್ತೇನೆ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ 2019ರಲ್ಲಿ ₹199ಕ್ಕೆ ಬಂತು, 2021ರ ಡಿಸೆಂಬರ್‌ನಲ್ಲಿ ₹149 ಆಯ್ತು. ಫೋನು ಅಥವಾ ಟ್ಯಾಬ್ ಮಾತ್ರ, 480ಪಿ, ಒಂದು ಸಲಕ್ಕೆ ಒಂದೇ ಕಡೆ. ಟಿವಿಯಲ್ಲಿ ಹಾಕಿದರೆ ಓಡುವುದೇ ಇಲ್ಲ. ನಾನು ಫೋನ್‌ನಲ್ಲಿ ನೋಡುವುದು ಶೋಕಿಗಲ್ಲ, ಪಾಕೆಟ್ ಮನಿಗೆ ಅಷ್ಟೇ ಆಗುವುದು.

ಸುಮಾ: ಅದು ಸರಿ. ಆದರೆ ಒಂದೂವರೆ ಪಟ್ಟು ಸ್ಪೀಡ್‌ನಲ್ಲಿ ನೋಡುತ್ತೀಯಲ್ಲ, ಅದಕ್ಕೂ ಪಾಕೆಟ್ ಮನಿ ಕಾರಣವಾ? ಒಂದು ಸೀನ್‌ನಲ್ಲಿ ಅವಳು ಉತ್ತರ ಕೊಡುವ ಮೊದಲು ಎರಡು ಸೆಕೆಂಡ್ ಸುಮ್ಮನಿರಬೇಕು ಅಂತ ನಾವು ಇಡೀ ಮಧ್ಯಾಹ್ನ ಜಗಳ ಆಡಿರುತ್ತೇವೆ. ನೀನು ಅದನ್ನು ನುಂಗಿಬಿಡುತ್ತೀಯ.

ಪುಟ್ಟ: ಸಿನಿಮಾ ಹಾಗೆ ನೋಡುವುದಿಲ್ಲ ಅಕ್ಕ, ಸೀರಿಯಲ್ ಮಾತ್ರ. ಒಂದು ಕಪಾಳಕ್ಕೆ ಹೊಡೆದರೆ ಮೂರು ಆ್ಯಂಗಲ್‌ನಲ್ಲಿ ಮೂರು ಸಲ ತೋರಿಸುತ್ತಾರೆ. ಆಮೇಲೆ ಮನೆಯ ಹತ್ತು ಜನರ ಮುಖ. ಒಂದೂವರೆ ಸ್ಪೀಡ್ ಸಾಲದು ಅದಕ್ಕೆ.

ಅತ್ತೆ: ಹಹಹ ಇದು ನಿಜ.

ಪುಟ್ಟ: ಇನ್ನೊಂದು ಲೆಕ್ಕ ಹೇಳುತ್ತೇನೆ, ಸಿಟ್ಟಾಗಬೇಡಿ. ನನ್ನ ಫೋನ್ ಆರೂವರೆ ಇಂಚು, ಅಡ್ಡ ಹಿಡಿದರೆ 15 ಸೆಂಟಿಮೀಟರ್ ಅಗಲ, ಕಣ್ಣಿನಿಂದ 30 ಸೆಂಟಿಮೀಟರ್ ದೂರ. ದೊಡ್ಡಮ್ಮನ ಟಿವಿ 71 ಸೆಂಟಿಮೀಟರ್ ಅಗಲ, ಕುರ್ಚಿಯಿಂದ 3 ಮೀಟರ್ ದೂರ. ಕಣ್ಣಿಗೆ ಕಾಣುವ ಅಗಲ ನನ್ನ ಫೋನಿನದೇ ಹೆಚ್ಚುಕಡಿಮೆ ಎರಡರಷ್ಟು. 3 ಮೀಟರ್ ದೂರದ ಟಿವಿ ಇದಕ್ಕೆ ಸಮ ಆಗಬೇಕಾದರೆ 68 ಇಂಚಿನದು ಬೇಕು.

ಚಿಕ್ಕಪ್ಪ: ಇದೆಲ್ಲ ಕಾಲೇಜಿನಲ್ಲಿ ಹೇಳಿಕೊಡುತ್ತಾರಾ?

ಸುಮಾ: ಲೆಕ್ಕ ಸರಿಯಾಗಿಯೇ ಇದೆ ಚಿಕ್ಕಪ್ಪ. ಫೋನ್‌ನಲ್ಲಿ ನೋಡಿದರೆ ಸಿನಿಮಾ ಸಣ್ಣದಾಗಿ ಕಾಣುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಒಬ್ಬರೇ ನೋಡಬೇಕು, ಕೈ ನೋಯುತ್ತದೆ, ನಡುವೆ ಈ ಗುಂಪಿನ ಮೆಸೇಜ್ ಮೇಲಿಂದ ಇಳಿಯುತ್ತದೆ. ನನ್ನ ತಕರಾರು ಅದು.

ಕಿರಣ್ (ಡಲ್ಲಾಸ್): ಈಗ ಎದ್ದೆ. ಏನು ಗಲಾಟೆ? ನಮ್ಮ ಮನೆಗೆ ಹೋದ ತಿಂಗಳು 75 ಇಂಚು ಬಂತು. ಆದರೆ ಏನೋ ಸರಿ ಇಲ್ಲ. ಯಾವ ಸಿನಿಮಾ ಹಾಕಿದರೂ ಮದುವೆ ವಿಡಿಯೋ ಥರ ಇದೆ. ಎಲ್ಲರೂ ಮೇಕಪ್ ಹಾಕಿಕೊಂಡು ಪಕ್ಕದ ರೂಮಿನಲ್ಲಿ ಓಡಾಡಿದ ಹಾಗೆ.

ಸುಮಾ: ಮೋಷನ್ ಸ್ಮೂದಿಂಗ್ ಆನ್ ಆಗಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. ನಿನ್ನ ಟಿವಿ ನಡುನಡುವೆ ತಾನೇ ಹೊಸ ಚಿತ್ರ ಹುಟ್ಟಿಸಿ ತುಂಬುತ್ತಿದೆ. ಕ್ಯಾಮೆರಾ ಯಾವತ್ತೂ ನೋಡದ ಚಿತ್ರಗಳು ಅವು. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡು ವಿಡಿಯೋನೇ ಬಿಟ್ಟಿದ್ದ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಸೆಟ್ಟಿಂಗ್ಸ್‌ನಲ್ಲಿ "ಮೋಷನ್" ಅಂತ ಇರುವ ಕಡೆ ಹುಡುಕು. "ಫಿಲ್ಮ್‌ಮೇಕರ್ ಮೋಡ್" ಇದ್ದರೆ ಅದನ್ನೇ ಹಾಕಿಬಿಡು. ಕ್ರಿಕೆಟ್‌ಗೆ ಬೇಕಾದರೆ ಆನ್ ಇಟ್ಟುಕೋ.

ಕಿರಣ್ (ಡಲ್ಲಾಸ್): ಸಿಕ್ಕಿತು! ಆಫ್ ಮಾಡಿದೆ. ಈಗ ಸಿನಿಮಾ ಥರ ಇದೆ. ಹೆಂಡತಿ ಮಾತ್ರ ಮೊದಲಿನದೇ ಚೆನ್ನಾಗಿತ್ತು ಅನ್ನುತ್ತಿದ್ದಾಳೆ.

ಅತ್ತೆ: ಸುಮಾ, ನನ್ನದೂ ಹೇಳಿಬಿಡು. ಅಷ್ಟು ದುಡ್ಡು ಕೊಟ್ಟು ಟಿವಿ ತಗೊಂಡರೆ ಸಿನಿಮಾ ಹಾಕಿದಾಗ ಮೇಲೂ ಕೆಳಗೂ ಕಪ್ಪು ಪಟ್ಟಿ. ನನ್ನ ಮಗ ಅದೇನೋ ಜೂಮ್ ಮಾಡಿ ಪೂರ್ತಿ ತುಂಬಿಸಿ ಕೊಟ್ಟಿದ್ದಾನೆ. ಈಗ ಚೆನ್ನಾಗಿದೆ.

ಸುಮಾ: ಅಯ್ಯೋ ಅತ್ತೆ, ತೆಗೆಸಿಬಿಡಿ. ಸಿನಿಮಾಸ್ಕೋಪ್ ಚಿತ್ರದ ಅಗಲ ಎತ್ತರದ 2.39 ಪಟ್ಟು. ನಿಮ್ಮ ಟಿವಿ 1.78 ಪಟ್ಟು. ಅಗಲದ ಚಿತ್ರ ಹಿಡಿಸಬೇಕಾದರೆ ಮೇಲೆ ಕೆಳಗೆ ಜಾಗ ಬಿಡಲೇಬೇಕು. ತುಂಬಿಸಿದರೆ ಎರಡೂ ಬದಿಯಲ್ಲಿ ಒಟ್ಟು ಕಾಲು ಭಾಗ ಕತ್ತರಿಸಿ ಹೋಗುತ್ತದೆ. ಇಬ್ಬರು ಎದುರುಬದುರು ನಿಂತು ಜಗಳ ಆಡುವ ಸೀನ್ ಇದ್ದರೆ ನಿಮಗೆ ಎರಡು ಮೂಗು ಮಾತ್ರ ಕಾಣುತ್ತವೆ.

ಅತ್ತೆ: ಅದಕ್ಕೇ ಮೊನ್ನೆ ಅವನು ಯಾರ ಹತ್ತಿರ ಮಾತಾಡುತ್ತಿದ್ದಾನೆ ಅಂತಲೇ ಗೊತ್ತಾಗಲಿಲ್ಲ!

ಚಿಕ್ಕಪ್ಪ: ಇಷ್ಟೆಲ್ಲ ತಲೆಬಿಸಿ ಯಾಕೆ, ಥಿಯೇಟರಿಗೆ ಹೋಗಿ.

ಅತ್ತೆ: ನೀನು ಹೋಗಿ ಎಷ್ಟು ವರ್ಷವಾಯಿತು?

ಚಿಕ್ಕಪ್ಪ: ಮೈಸೂರಿನಲ್ಲಿ ನನ್ನ ಶಾಂತಲಾ ಟಾಕೀಸ್ 2020ರಲ್ಲೇ ಮುಚ್ಚಿತು. ಮಾಲ್‌ಗೆ ಹೋದರೆ ಟಿಕೆಟ್‌ಗಿಂತ ಪಾಪ್‌ಕಾರ್ನ್ ಜಾಸ್ತಿ.

ರಘು: ₹200ರ ಮಿತಿ ಅಂತ ಮಾಡಿದ್ದರಲ್ಲ?

ಚಿಕ್ಕಪ್ಪ: 2025ರ ಸೆಪ್ಟೆಂಬರ್‌ನಲ್ಲಿ ಮಾಡಿದರು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮನೆಯಲ್ಲೇ ಕೂತೆ.

ರಘು: ಸರಿ, ಪ್ರೊಜೆಕ್ಟರ್ ಬೇಡ. 55 ಇಂಚಿನ ಟಿವಿ? ತಲೆಗೆ ಐದು ಸಾವಿರ ಹಾಕಿದರೆ ಒಳ್ಳೆಯದೇ ಬರುತ್ತದೆ.

ಪುಟ್ಟ: ನಾನು ವಿದ್ಯಾರ್ಥಿ. ನನ್ನ ತಲೆ ಬಿಟ್ಟು ಎಣಿಸಿ.

ಸುಮಾ: ಒಂದು ನಿಮಿಷ. ದೊಡ್ಡಮ್ಮನಿಗೆ ಏನು ಬೇಕು ಅಂತ ಯಾರಾದರೂ ಕೇಳಿದಿರಾ?

ದೊಡ್ಡಮ್ಮ: (ವಾಯ್ಸ್ ಮೆಸೇಜ್. ಜೋರಾಗಿ ಹಾಕಲು ಆಗದು, ಬರೆದು ಹಾಕಿ ಅಂತ ಕಿರಣ್ ಕೇಳಿದ್ದಕ್ಕೆ ಪುಟ್ಟ ಬರೆದದ್ದು) "ನೋಡ್ರಪ್ಪಾ, ದೊಡ್ಡ ಟಿವಿ ಏನೂ ಬೇಡ. ಸಂಜೆ ಹೇಗೂ ಟಿವಿ ಇವರದ್ದೇ. ನ್ಯೂಸ್, ಇಲ್ಲ ಅಂದ್ರೆ ಕ್ರಿಕೆಟ್. ನಾನು ಸೀರಿಯಲ್ ನೋಡೋದು ಮರುದಿನ ಮಧ್ಯಾಹ್ನ, ಫೋನಲ್ಲಿ. ಅಡುಗೆಮನೆಲಿ ಸಾಸಿವೆ ಡಬ್ಬಿಗೆ ಒರಗಿಸಿ ಇಟ್ಕೊಂಡು, ಕಿವಿಗೆ ವೈರ್ ಹಾಕ್ಕೊಂಡು, ಅಕ್ಕಿ ಆರಿಸ್ತಾ ನೋಡ್ತೀನಿ. ಟಿವಿಲಿ ನಂಗೆ ಮಾತೇ ಕೇಳಲ್ಲ. ಮ್ಯೂಸಿಕ್ ಮಾತ್ರ ಡಬಡಬ ಅಂತ ಬರುತ್ತೆ. ಮಾತು ಕೇಳ್ಲಿ ಅಂತ ಜೋರು ಮಾಡಿದ್ರೆ ಅಷ್ಟೊತ್ತಿಗೆ ಹಾಡು ಬರುತ್ತೆ, ಇವರು ಬೈತಾರೆ. ಫೋನಲ್ಲಿ ಒಂದೊಂದು ಮಾತೂ ಸ್ಪಷ್ಟ. ಫೋನ್ ಜಾರಿ ಅಕ್ಕಿಯೊಳಗೆ ಬೀಳುತ್ತೆ, ಅದೊಂದೇ ತೊಂದರೆ."

ಅತ್ತೆ: ಅಕ್ಕ, ಇದನ್ನು ಯಾಕೆ ಇಷ್ಟು ದಿನ ಹೇಳಲಿಲ್ಲ?

ದೊಡ್ಡಮ್ಮ: ಯಾರು ಕೇಳಿದರು.

ಸುಮಾ: ಬೆಳಿಗ್ಗೆಯಿಂದ ನಾವೆಲ್ಲ ಇಂಚು ಇಂಚು ಅಂತ ಹೊಡೆದಾಡುತ್ತಿದ್ದೇವೆ, ತೊಂದರೆ ಇರುವುದು ಸೌಂಡ್‌ನಲ್ಲಿ. ದೊಡ್ಡಮ್ಮನ ಕಿವಿಯದೇ ತಪ್ಪು ಅಂತ ಯಾರೂ ತೀರ್ಮಾನ ಮಾಡಬೇಡಿ. ಮೂವತ್ತರ ಹುಡುಗರೂ ಇದನ್ನೇ ಹೇಳುತ್ತಾರೆ. ಹಳೆಯ ಡಬ್ಬ ಟಿವಿಗಳಿಗೆ ಸ್ಪೀಕರ್ ಮುಂದಕ್ಕೋ ಪಕ್ಕಕ್ಕೋ ಇರುತ್ತಿತ್ತು. ಟಿವಿ ತೆಳ್ಳಗಾದ ಮೇಲೆ ಸ್ಪೀಕರಿಗೆ ಜಾಗವೇ ಇಲ್ಲ, ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಬಿಟ್ಟರು. ಮಾತು ಮೊದಲು ಗೋಡೆಗೆ ಹೋಗಿ ಬಡಿದು ಆಮೇಲೆ ನಮ್ಮ ಹತ್ತಿರ ಬರುತ್ತದೆ.

ಓಟಿಟಿಯಲ್ಲಿ ಸಿನಿಮಾ ಹಾಕಿದಾಗ ಇನ್ನೊಂದು ತೊಡಕು. ನಾವು 5.1 ಮಿಕ್ಸ್, ಅಂದರೆ ಆರು ದಾರಿಯಲ್ಲಿ ಸೌಂಡ್ ಹಂಚುವ ಕೆಲಸ, ಮಾಡುವಾಗ ಮಾತೆಲ್ಲ ಮಧ್ಯದ ಒಂದು ಸ್ಪೀಕರಿಗೆ ಹೋಗುತ್ತದೆ. ಹಾಡು, ಗುಡುಗು, ಹೊಡೆದಾಟ ಸುತ್ತಲಿನ ಉಳಿದವಕ್ಕೆ. ಮನೆಯ ಟಿವಿಯಲ್ಲಿ ಇರುವುದು ಎರಡೇ. ಆರು ದಾರಿಯ ಸೌಂಡನ್ನು ಎರಡಕ್ಕೆ ಒತ್ತಿದಾಗ ಮೊದಲು ಮುಳುಗುವುದು ಮಾತು. ಇಯರ್‌ಫೋನ್‌ನಲ್ಲಿ ಗೋಡೆಯೂ ಇಲ್ಲ, ಪಕ್ಕದ ಮಿಕ್ಸಿ ಸದ್ದೂ ಇಲ್ಲ. ಅದಕ್ಕೇ ದೊಡ್ಡಮ್ಮನಿಗೆ ಅಲ್ಲಿ ಕೇಳುವುದು.

ಡಿಶ್‌ನಲ್ಲಿ ಬರುವ ಸೀರಿಯಲ್‌ಗೆ ಈ 5.1 ಕಾರಣ ಅಲ್ಲ. ಅವರು ಮಾತಿನ ಅಡಿಯಲ್ಲೇ ತಂಬೂರಿ, ತಬಲಾ, ಸಿಡಿಲು ಎಲ್ಲ ಹಾಕಿರುತ್ತಾರೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಚಿಕ್ಕಪ್ಪ: ಹಾಗಾದರೆ ಸೌಂಡ್‌ಬಾರ್, ಟಿವಿ ಮುಂದೆ ಇಡುವ ಆ ಉದ್ದನೆ ಸ್ಪೀಕರ್, ತರೋಣ ಅಂತೀಯಾ?

ಸುಮಾ: ತಂದರೆ 3.1 ಅಂತ ಬರೆದಿರುವುದನ್ನು ತರಬೇಕು, ಅದರಲ್ಲಿ ಮಾತಿಗೆ ಬೇರೆ ಸ್ಪೀಕರ್ ಇರುತ್ತದೆ. ಆದರೆ ಖರ್ಚು ಮಾಡುವ ಮೊದಲು ಪುಟ್ಟ ಒಮ್ಮೆ ಹೋಗಿ ನೋಡಿ ಬರಲಿ. ಟಿವಿ ಎಲ್ಲಿಟ್ಟಿದ್ದಾರೆ, ಸೆಟ್ಟಿಂಗ್ಸ್ ಹೇಗಿದೆ ಅಂತ.

ಪುಟ್ಟ: ಬಸ್ ಚಾರ್ಜ್?

ರಘು: ಅತ್ತೆಯ ಸಾವಿರದಲ್ಲಿ ಕೊಡುತ್ತೇನೆ.

ಅತ್ತೆ: ಏನು???

ಶನಿವಾರ

ಪುಟ್ಟ: (ಫೋಟೋ) ಇದನ್ನು ನೋಡಿ ಎಲ್ಲರೂ. ಟಿವಿ ಇರುವುದು ಶೋಕೇಸ್‌ನ ಗೂಡಿನೊಳಗೆ. ಮೂರು ಕಡೆ ಮರ, ಕೆಳಗೆ ದೊಡ್ಡಮ್ಮನೇ ಹೆಣೆದ ಕ್ರೋಶಾ ಬಟ್ಟೆ. ಸ್ಪೀಕರ್ ಕೆಳಮುಖ, ಸರಿಯಾಗಿ ಆ ಬಟ್ಟೆಗೆ ಮೂತಿ ಇಟ್ಟಿದೆ. ಮುಂದೆ ಚನ್ನಪಟ್ಟಣದ ಗೊಂಬೆಗಳ ಸಾಲು ಬೇರೆ.

ಸುಮಾ: ಆ ಗೂಡಿನಿಂದ ಹೊರಗೆ ತೆಗೆ ಮೊದಲು.

ಪುಟ್ಟ: ತೆಗೆದೆ. ಪಕ್ಕದ ಮೇಜಿನ ಮೇಲಿಟ್ಟೆ. ಬಟ್ಟೆ ತೆಗೆಯಲು ದೊಡ್ಡಮ್ಮ ಒಪ್ಪಲಿಲ್ಲ, ಟಿವಿ ಮೇಲೆ ಹೊದೆಸಿದ್ದಾರೆ. ಸೌಂಡ್ ಮೋಡ್ "ಸಿನಿಮಾ"ದಲ್ಲಿತ್ತು, "ಕ್ಲಿಯರ್ ವಾಯ್ಸ್"ಗೆ ಹಾಕಿದೆ. ಓಟಿಟಿಯಲ್ಲಿ ಕನ್ನಡ 5.1 ಅಂತ ಇದ್ದದ್ದನ್ನು ಸಾದಾ ಕನ್ನಡಕ್ಕೆ ಬದಲಾಯಿಸಿದೆ. ಮೊದಲು 40ರಲ್ಲಿ ಇಡುತ್ತಿದ್ದರಂತೆ, ಈಗ 22ಕ್ಕೇ ಸಾಕು ಅನ್ನುತ್ತಿದ್ದಾರೆ.

ಅತ್ತೆ: ಅಕ್ಕ, ಕೇಳುತ್ತಿದೆಯಾ ಈಗ?

ದೊಡ್ಡಮ್ಮ: ಕೇಳುತ್ತಿದೆ. ನ್ಯೂಸ್‌ನವರು ಕಿರುಚುವುದೂ ಚೆನ್ನಾಗಿ ಕೇಳುತ್ತಿದೆ. ಸೀರಿಯಲ್ ನಾನು ಫೋನಲ್ಲೇ ನೋಡುತ್ತೇನೆ, ನನಗೆ ಅದೇ ಅಭ್ಯಾಸ. ಫೋನ್ ನಿಲ್ಲಿಸುವ ಸ್ಟ್ಯಾಂಡ್ ಒಂದು ತಂದುಕೊಡಿ.

ರಘು: ಸ್ಟ್ಯಾಂಡ್ ₹250ಕ್ಕೆ ಸಿಗುತ್ತದೆ. ಆರ್ಡರ್ ಮಾಡಿದೆ.

ಅತ್ತೆ: ಉಳಿದ ₹750 ವಾಪಸ್ ಹಾಕು.

ಪುಟ್ಟ: ಬಸ್ ಚಾರ್ಜ್ ಮರೆಯಬೇಡಿ.

ಚಿಕ್ಕಪ್ಪ: ಹಬ್ಬದ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಒಂದೇ ಒಂದು ಸಿನಿಮಾ ನೋಡಬೇಕು. ಇದು ನನ್ನ ಆಜ್ಞೆ.

ಕಿರಣ್ (ಡಲ್ಲಾಸ್): ಯಾವ ಸಿನಿಮಾ?

ಚಿಕ್ಕಪ್ಪ: ರಾಜ್‌ಕುಮಾರ್‌ದು.

ಪುಟ್ಟ: ಹಾರರ್.

ಅತ್ತೆ: ಹಾರರ್ ಹಾಕಿದರೆ ನಾನು ಒಳಗೆ ಹೋಗಿ ಫೋನ್‌ನಲ್ಲಿ ಬೇರೆ ನೋಡುತ್ತೇನೆ.

ದೊಡ್ಡಪ್ಪ: ಹಬ್ಬಕ್ಕೆ ಬರುವವರು ಎರಡು ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ. ಹೋದ ವರ್ಷ ಎಲ್ಲರ ಫೋನ್ ಚಾರ್ಜಿಗೆ ಹಾಕಿ ಫ್ರಿಜ್ ವೈರ್ ಕಿತ್ತಿಟ್ಟಿದ್ದಿರಿ. ಹಾಲು ಒಡೆದಿತ್ತು.