ತೀರಿಹೋದವರ ನಂಬರ್ ಇನ್ನೂ ಫೋನಿನಲ್ಲಿ ಇಟ್ಟುಕೊಂಡಿರುವುದು ತಪ್ಪಾ?

ಸಂಜೆಗಾಳಿ

ನನಗೆ 68. ನಮ್ಮ ಯಜಮಾನರು ಹೋಗಿ ನಾಲ್ಕು ವರ್ಷ ಆಯಿತು. ಅವರ ನಂಬರ್ ಇನ್ನೂ ಅಳಿಸಿಲ್ಲ. ಹೋದ ವಾರ ಸುಮ್ನೆ ವಾಟ್ಸಾಪ್ ತೆರೆದು ನೋಡಿದರೆ ಅವರ ಹೆಸರಿನ ಪಕ್ಕ ಯಾವುದೋ ಮಗುವಿನ ಫೋಟೋ! ಒಂದು ಗಳಿಗೆ ಏನೂ ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು, ಆ ನಂಬರನ್ನು ಈಗ ಬೇರೆ ಯಾರಿಗೋ ಕೊಟ್ಟಿದ್ದಾರೆ. ಮಗು ಮುದ್ದಾಗಿತ್ತು, ಪಾಪ ಅದರ ಮೇಲೇಕೆ ಸಿಟ್ಟು, ಆದರೂ ಬಂತು.

ಮಗಳಿಗೆ ಹೇಳಿದೆ. "ಇನ್ನಾದರೂ ಡಿಲೀಟ್ ಮಾಡಮ್ಮ, ಎಷ್ಟು ದಿನ ಅಂತ ಹೀಗೇ ಇರ್ತೀಯ" ಅಂದಳು. ಅವಳಿಗೆ ನನ್ನದೇ ಚಿಂತೆ, ಬೈಯುವ ಹಾಗಿಲ್ಲ. ಆದರೆ ಅವಳಿಗೆ ಒಂದು ವಿಷಯ ಹೇಳಿಲ್ಲ. ನಾನು ಈಗಲೂ ಅವರ ಹತ್ತಿರ ಮಾತಾಡುತ್ತೇನೆ, ಅದೂ ಗಟ್ಟಿಯಾಗಿ. ಕನ್ನಡಕ ಎಲ್ಲಿ ಇಟ್ಟೆ ನೋಡಿದ್ರಾ, ಅನ್ನುವಂಥ ಮಾತು, ದೊಡ್ಡದೇನಲ್ಲ. ಉತ್ತರ ಬರುವುದಿಲ್ಲ ಅಂತ ಚೆನ್ನಾಗಿ ಗೊತ್ತು. ಊಟ, ನಿದ್ದೆ, ಓಡಾಟ ಎಲ್ಲ ಸರಿಯಾಗಿದೆ. ನಿಮ್ಮಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ, ಅಥವಾ ನನಗೊಬ್ಬಳಿಗೇನಾ?

ಹಳೇರೇಡಿಯೋ

ನಿಮಗೊಬ್ಬರಿಗೇ ಅಲ್ಲ ಮೇಡಂ. ಡೆವಿ ರೀಸ್ ಅಂತ ವೇಲ್ಸ್‌ನ ಒಬ್ಬ ಡಾಕ್ಟರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದಿದ್ದರು. ಸುಮಾರು ಅರ್ಧದಷ್ಟು ಮಂದಿ ಹೋದವರು ಒಂದಲ್ಲ ಒಂದು ರೀತಿಯಲ್ಲಿ ಜೊತೆಗೇ ಇದ್ದ ಹಾಗೆ ಅನ್ನಿಸುತ್ತದೆ ಅಂದರು. ಕೆಲವರಿಗೆ ದನಿ ಕೇಳಿಸುತ್ತಿತ್ತು, ಕೆಲವರು ನಿಮ್ಮ ಹಾಗೆ ಮಾತಾಡುತ್ತಿದ್ದರು. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅದನ್ನು ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನೀವು ಮಗಳಿಗೆ ಹೇಳಿಲ್ಲವಲ್ಲ, ಅದೇ ಕಥೆ.

ಈ "ಮರೆತು ಮುಂದೆ ಹೋಗಿ" ಅನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಮನಸ್ಸಿನ ಡಾಕ್ಟರ್ ಫ್ರಾಯ್ಡ್ 1917ರಲ್ಲಿ ಹಾಗೇ ಬರೆದಿದ್ದ, ಹೋದವರಿಂದ ಮನಸ್ಸನ್ನು ನಿಧಾನಕ್ಕೆ ಬಿಡಿಸಿಕೊಳ್ಳಬೇಕು ಅಂತ. ಮೂರು ವರ್ಷಕ್ಕೆ ಅವನ ಮಗಳು ಸೋಫಿ ತೀರಿಕೊಂಡಳು. 1929ರಲ್ಲಿ, ಅವಳು ಬದುಕಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯನಿಗೆ ಕಾಗದ ಬರೆದ. ಆ ಜಾಗಕ್ಕೆ ಏನೇ ಬಂದರೂ ಅದು ಬೇರೆಯದೇ, ಹಾಗೆ ಇರುವುದೇ ಸರಿ, ಅನ್ನುವ ಅರ್ಥದಲ್ಲಿ. ಪಾಠ ಹೇಳುವುದು ಬೇರೆ, ಅನುಭವಿಸುವುದು ಬೇರೆ ಅಲ್ವಾ.

ಒಂದೇ ಮಾತು. ವರ್ಷ ಕಳೆದ ಮೇಲೂ ದಿನದ ಕೆಲಸವೇ ಸಾಗದಷ್ಟು ದುಃಖ ಇದ್ದರೆ ಡಾಕ್ಟರನ್ನು ಕಾಣಬೇಕು. ನಿಮ್ಮದು ಹಾಗೆ ಕಾಣುವುದಿಲ್ಲ.

ಎಪ್ಪತ್ತೊಂದು

ನಾನು ಸ್ವಲ್ಪ ಬೇರೆ. ಹೆಂಡತಿ ಹೋದ ತಿಂಗಳಲ್ಲೇ ಎಲ್ಲ ಅಳಿಸಿಬಿಟ್ಟೆ. ನಂಬರ್ ಕಣ್ಣಿಗೆ ಬಿದ್ದರೆ ಆ ದಿನ ಪೂರ್ತಿ ಕೆಟ್ಟು ಹೋಗುತ್ತಿತ್ತು. ನನಗೆ ಅದು ಸರಿ ಹೋಯಿತು, ಹಾಗಾಗಿ ನಿಮ್ಮ ಮಗಳು ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ದನಿ ಮಾತ್ರ ಉಳಿಸಿಕೊಳ್ಳಬೇಕಿತ್ತು. ಮುಖ ಫೋಟೋದಲ್ಲಿ ಸಿಗುತ್ತದೆ, ದನಿ ಮಾತ್ರ ನೆನಪು ಮಾಡಿಕೊಂಡರೂ ಸರಿಯಾಗಿ ಬರುವುದಿಲ್ಲ.

ಈಗ ನನಗೆ ಉಳಿದಿರುವವನು ಕಾಲೇಜಿನ ಗೆಳೆಯ ಒಬ್ಬ. ಭಾನುವಾರ ಫೋನ್ ಮಾಡುತ್ತಾನೆ. ಮಾತಾಡುವುದು ಏನೂ ಇರುವುದಿಲ್ಲ, ಮಂಡಿ ನೋವು, ಬಿಪಿ, ಹೋದ ವಾರ ಹೇಳಿದ್ದನ್ನೇ ಈ ವಾರ. ಆದರೆ ನನ್ನ ಹೆಂಡತಿಯನ್ನು ಇಪ್ಪತ್ತೆರಡರ ವಯಸ್ಸಿನಲ್ಲಿ ನೋಡಿದ್ದವರು ಈಗ ನಾನು, ಅವನು, ಇಬ್ಬರೇ. ಅವನೂ ಹೋದರೆ ಅವಳು ಹೇಗೆ ನಗುತ್ತಿದ್ದಳು ಅಂತ ನಾನು ಹೇಳಿದ್ದಕ್ಕೆ "ಹೌದು ಕಣೋ" ಅನ್ನುವವರೇ ಇರುವುದಿಲ್ಲ. ಮಕ್ಕಳಿಗೆ ಅವಳು ಅಮ್ಮ ಅಷ್ಟೇ. ಇನ್ನೊಬ್ಬ ಇದ್ದಾನೆ, ನನ್ನ ಅಣ್ಣ. ಹದಿನಾಲ್ಕು ವರ್ಷದಿಂದ ಮಾತಿಲ್ಲ. ಬದುಕಿದ್ದೂ ದೂರ ಇರುವವರ ವಿಷಯ ಇನ್ನೂ ಕಷ್ಟ, ಅದು ಇಲ್ಲಿ ಬೇಡ ಬಿಡಿ.

ಟೆಕ್‌ತಮ್ಮ

ಅಮ್ಮಾ, ನಾನು ಚಿಕ್ಕವನು, ಉಪಯೋಗಕ್ಕೆ ಬರುವ ಮಾತು ಮಾತ್ರ ಹೇಳುತ್ತೇನೆ. ಮೊದಲು, ಆ ನಂಬರ್ ಬ್ಯಾಂಕು, ಇಮೇಲ್, ಬೇರೆ ಯಾವ ಖಾತೆಗಾದರೂ ಇನ್ನೂ ಜೋಡಣೆ ಆಗಿದೆಯಾ ನೋಡಿ. ಇದ್ದರೆ ಓಟಿಪಿ ಈಗ ಆ ಹೊಸಬರಿಗೆ ಹೋಗುತ್ತದೆ, ತಕ್ಷಣ ಬದಲಾಯಿಸಿ. ಆ ಚಾಟ್‌ನಲ್ಲಿ ಏನನ್ನೂ ಕಳಿಸಲೂ ಬೇಡಿ.

ಆಮೇಲೆ ಚಾಟ್ ತೆರೆದು "ಎಕ್ಸ್‌ಪೋರ್ಟ್ ಚಾಟ್" ಒತ್ತಿ, ಮೀಡಿಯಾ ಸೇರಿಸಿ ಅಂತ ಕೊಟ್ಟು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಫೋನಿನಲ್ಲಿ ಉಳಿದಿರುವ ವಾಯ್ಸ್ ಮೆಸೇಜ್‌ಗಳೂ ಜೊತೆಗೆ ಬರುತ್ತವೆ. ಎರಡು ಕಡೆ ಇಡಿ. ಇದಾದ ಮೇಲೆ ಕಾಂಟ್ಯಾಕ್ಟ್ ತೆರೆದು ನಂಬರ್ ಒಂದನ್ನೇ ತೆಗೆಯಿರಿ. ಹೆಸರು, ಫೋಟೋ ಹಾಗೇ ಇರಲಿ. ನಂಬರ್ ಇಲ್ಲದೆಯೂ ಹೆಸರು ಸೇವ್ ಆಗುತ್ತದೆ.

ಸಂಜೆಗಾಳಿ

ಎಲ್ಲರಿಗೂ ಥ್ಯಾಂಕ್ಸ್. ಮಗಳನ್ನು ಪಕ್ಕ ಕೂರಿಸಿಕೊಂಡು ನಿನ್ನೆ ಮಾಡಿದೆ. ಹನ್ನೊಂದು ವಾಯ್ಸ್ ಮೆಸೇಜ್ ಸಿಕ್ಕವು, ಒಂದರಲ್ಲೂ ಪ್ರೀತಿಯ ಮಾತಿಲ್ಲ! "ಬೀಗ ಹಾಕಿದೆಯಾ, ಇನ್ನೊಂದು ಸಲ ಎಳೆದು ನೋಡು" ಅಂತ ಒಂದು. ಅದನ್ನು ಮಗಳು ಮೂರು ಸಲ ಹಾಕಿಸಿಕೊಂಡು ಕೇಳಿದಳು. ಅವಳಿಗೆ ಕನ್ನಡಕದ ವಿಷಯವನ್ನೂ ಹೇಳಿದೆ. ಏನೂ ಅನ್ನಲಿಲ್ಲ.

ಎಪ್ಪತ್ತೊಂದು ಸರ್, ಬೇಡ ಬಿಡಿ ಅಂದಿರಿ, ಆದರೂ ಕೇಳುತ್ತೇನೆ. ಅಣ್ಣನವರ ನಂಬರ್ ನಿಮ್ಮ ಹತ್ತಿರ ಇದೆಯಾ?

ತಮ್ಮಾ, ಒಂದು ತೊಂದರೆ. ಫೈಲ್ ಹೆಸರಿನ ಕೊನೆಗೆ ಓಪಸ್ ಅಂತ ಇದೆ, ಮಗಳ ಫೋನಿನಲ್ಲಿ ತೆರೆಯುತ್ತಿಲ್ಲ.

ಟೆಕ್‌ತಮ್ಮ

ವಿಎಲ್‌ಸಿ ಅಂತ ಆ್ಯಪ್ ಇದೆ, ಫ್ರೀ. ಅದರಲ್ಲಿ ತೆರೆದು ನೋಡಿ.

ಎಪ್ಪತ್ತೊಂದು

ಇದೆ ಮೇಡಂ. ಬಾಯಿಪಾಠ ಇದೆ.