ಹ್ಯಾಶ್‌ರೇಟ್‌ಗೆ 'ಹ್ಯಾಶ್ ದರ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ರಾಯದುರ್ಗದಲ್ಲಿ ನನ್ನ ಚಿಕ್ಕಪ್ಪನ ಮಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಬರಹ ಬರೆದಿದ್ದಾನೆ. ಒಂದೇ ಕಾರ್ಡು ವಿಂಡೋಸ್‌ನಲ್ಲಿ ಒಂದು ಥರ, ಲಿನಕ್ಸ್‌ನಲ್ಲಿ ಇನ್ನೊಂದು ಥರ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬದಲಿಸಿದರೆ ಮತ್ತೊಂದು ಥರ ಮೈನಿಂಗ್ (ಲೆಕ್ಕ ಹಾಕಿ ಡಿಜಿಟಲ್ ನಾಣ್ಯ ಗಳಿಸೋದು) ಮಾಡುತ್ತಿದ್ದದ್ದು ಯಾಕೆ ಅನ್ನೋದು ವಿಷಯ. ತಿದ್ದಿಕೊಡು ಅಂತ ನನಗೆ ಕಳಿಸಿದ. ಅದರಲ್ಲಿ ಹ್ಯಾಶ್‌ರೇಟ್‌ಗೆ, ಅಂದರೆ ಕಾರ್ಡಿನ ಮೈನಿಂಗ್ ಲೆಕ್ಕದ ಅಳತೆಗೆ, 'ಹ್ಯಾಶ್ ದರ' ಅಂತ ಹಾಕಿ ಹೀಗೆ ಬರೆದಿದ್ದಾನೆ:

"ವಿಂಡೋಸ್‌ನಲ್ಲಿ 4 ಜಿಬಿ ಕಾರ್ಡುಗಳ ಹ್ಯಾಶ್ ದರ ಬೇಗ ಕುಸಿಯಿತು. ಲಿನಕ್ಸ್‌ನಲ್ಲಿ ದರ ಇನ್ನೂ ಸ್ವಲ್ಪ ದಿನ ನಿಂತಿತು."

ಚಿಕ್ಕಪ್ಪ ಓದಿ, "ಏನಲೇ, ವಿಂಡೋಸ್ ಹಾಕಿದ್ರೆ ಕಾರ್ಡಿನ ರೇಟು ಬೀಳ್ತದಾ?" ಅಂದರಂತೆ.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಶೇಂಗಾ ದರ, ಚಿನ್ನದ ದರ ಅಂತ ದಿನಾ ಓದುವವರಿಗೆ ದರ ಅಂದರೆ ಬೆಲೆಯೇ. 'ಜನನ ದರ' ಅನ್ನೋದೂ ಇದೆ, ಒಪ್ಪುತ್ತೇನೆ. ಆದರೆ ಶಿಶುಗಳಿಗೆ ಮಾರ್ಕೆಟ್ ಇಲ್ಲ, ಮೈನಿಂಗ್‌ನಲ್ಲಿ ಸಿಗುತ್ತಿದ್ದ ಈಥರ್ ಅನ್ನೋ ಡಿಜಿಟಲ್ ನಾಣ್ಯಕ್ಕೆ ಇದೆ. "ಈಥರ್ ದರ ಏರಿತು, ಹ್ಯಾಶ್ ದರ ಇಳಿಯಿತು" ಅಂತ ಬರೆದರೆ ಯಾವುದು ದುಡ್ಡಿನ ಮಾತು, ಯಾವುದು ಕೆಲಸದ ಮಾತು?

ಹೇಳಬೇಕಾದ್ದು ಇಷ್ಟೇ: ಕಾರ್ಡು ಒಂದು ಸೆಕೆಂಡಿಗೆ ಎಷ್ಟು ಸಲ ಹ್ಯಾಶ್ ಅನ್ನೋ ಲೆಕ್ಕ ಹಾಕಿ, ನಾಣ್ಯ ಸಿಗುವ ಉತ್ತರ ಬಂತಾ ಅಂತ ನೋಡುತ್ತದೆ. ಎಎಂಡಿ ಕಂಪನಿಯ ಆರ್‌ಎಕ್ಸ್ 580 ಕಾರ್ಡನ್ನು ಚೆನ್ನಾಗಿ ಟ್ಯೂನ್ ಮಾಡಿದರೆ ಈಥರ್ ನಾಣ್ಯದ ಜಾಲ ಈಥೀರಿಯಂನಲ್ಲಿ ಸುಮಾರು 30 ಮೆಗಾಹ್ಯಾಶ್ ಬರುತ್ತಿತ್ತು. ಅಂದರೆ ಸೆಕೆಂಡಿಗೆ 3 ಕೋಟಿ ಸಲ. (2022ರ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಮೈನಿಂಗ್ ನಿಂತೇಹೋಯಿತು. ಹಳೇ ಕಾರ್ಡುಗಳು ಅಂಗಡಿಗೆ ಬಂದದ್ದೂ ಆಮೇಲೆಯೇ ಜಾಸ್ತಿ.)

'ಹ್ಯಾಶ್ ವೇಗ' ಅನ್ನೋಣವೇ? ಇಲ್ಲಿ ನನಗೆ ಅನುಮಾನ. ಕಾರ್ಡಿನ ಕೋರ್‌ಗೆ ಒಂದು ವೇಗ, ಮೆಮರಿಗೆ ಒಂದು ವೇಗ ಮೊದಲೇ ಇವೆ. ಅವೆರಡೂ ಬದಲಾಗದೆ ಹ್ಯಾಶ್ ಮಾತ್ರ ಕಮ್ಮಿ ಆಗಿದ್ದೇ ಈ ಬರಹದ ಕಥೆ. ಈಥೀರಿಯಂಗೆ ಡ್ಯಾಗ್ ಅನ್ನೋ ದೊಡ್ಡ ಫೈಲು ಕಾರ್ಡಿನ ಮೆಮರಿಯಲ್ಲಿ ಇರಬೇಕಿತ್ತು. ಅದು ಬೆಳೆಯುತ್ತಲೇ ಹೋಗಿ 2020ರ ಕೊನೆಗೆ 4 ಜಿಬಿ ದಾಟಿತು. ವಿಂಡೋಸ್ ಕಾರ್ಡಿನ ಮೆಮರಿಯಲ್ಲಿ ತನ್ನ ಪಾಲು ಜಾಸ್ತಿ ಹಿಡಿದಿಡುತ್ತಿತ್ತು, ಹಾಗಾಗಿ ಅಲ್ಲಿ ಮೊದಲು ಜಾಗ ಸಾಲದೆ ಹೋಯಿತು. ಅದಕ್ಕೂ ಮುಂಚೆ, ಫೈಲು ದೊಡ್ಡದಾದಂತೆ ಎಎಂಡಿ ಕಾರ್ಡುಗಳಲ್ಲಿ ಮೆಮರಿ ವಿಳಾಸ ಹುಡುಕೋದರಲ್ಲೇ ಹೊತ್ತು ಹೋಗುತ್ತಿತ್ತು. 2017ರ ಆಗಸ್ಟ್‌ನಲ್ಲಿ ಎಎಂಡಿ ಮೈನಿಂಗ್‌ಗಾಗಿಯೇ ಒಂದು ಡ್ರೈವರ್ ಬಿಟ್ಟ ಮೇಲೆ ಹ್ಯಾಶ್ ಮತ್ತೆ ಮೇಲೆದ್ದಿತು. ಕಾರ್ಡೂ ಅದೇ, ಕ್ಲಾಕೂ (ಕೋರ್, ಮೆಮರಿಯ ವೇಗ) ಅದೇ. ಇಂಥ ಕಡೆ 'ವೇಗ' ಅಂದರೆ ಓದುಗ ಕ್ಲಾಕ್ ಅಂದುಕೊಳ್ಳೋದಿಲ್ಲವೇ?

ಗೆಳೆಯರೊಬ್ಬರು 'ಇಳುವರಿ' ಅಂದರು. ಕೇಳೋಕೆ ಚಂದ, ಆದರೆ ಹ್ಯಾಶ್ ಬರೀ ಪ್ರಯತ್ನ. ಕೈಗೆ ಬರೋದು ನಾಣ್ಯ. ಇಳುವರಿಯನ್ನು ನಾಣ್ಯಕ್ಕೇ ಇಟ್ಟುಕೊಳ್ಳೋಣ.

'ಗಣಿಗಾರಿಕೆ' ಬಿಟ್ಟು 'ಮೈನಿಂಗ್' ಅಂತಲೇ ಉಳಿಸಿದ್ದೇನೆ. ಓಬುಳಾಪುರಂ ಪಕ್ಕದಲ್ಲೇ ಇರುವ ನಮಗೆ ಗಣಿ ಅಂದರೆ ಅದಿರು ಲಾರಿ, ಕೆಂಪು ದೂಳು, ಕೋರ್ಟ್ ಕೇಸು. ಡ್ರೈವರ್‌ಗೆ 'ಚಾಲಕ' ಅಂತೂ ಬೇಡವೇ ಬೇಡ. "ಹೊಸ ಚಾಲಕ ಬಂದ ಮೇಲೆ ವೇಗ ಹೆಚ್ಚಿತು" ಅಂದರೆ ಆರ್‌ಟಿಸಿ ಬಸ್ಸೇ ಕಣ್ಣಮುಂದೆ ಬರುತ್ತೆ, ಅಲ್ವಾ?

ಒಂದು ಪದ ಮಾತ್ರ ತಾನಾಗೇ ಕೂತಿತು. 2021ರ ಫೆಬ್ರವರಿಯಲ್ಲಿ ಎನ್ವಿಡಿಯಾ ತನ್ನ ಆರ್‌ಟಿಎಕ್ಸ್ 3060ರ ಹ್ಯಾಶನ್ನು ಬೇಕಂತಲೇ ಅರ್ಧಕ್ಕೆ ಇಳಿಸಿತ್ತು. ಮುಂದಿನ ತಿಂಗಳೇ 470.05 ಅನ್ನೋ ಬೀಟಾ ಡ್ರೈವರ್‌ನಲ್ಲಿ ಆ ತಡೆಯನ್ನು ಕಂಪನಿಯೇ ಕೈತಪ್ಪಿ ಬಿಚ್ಚಿಬಿಟ್ಟಿತು. ಆ ತಡೆಗೆ ನನ್ನ ತಮ್ಮ 'ಕಡಿವಾಣ' ಅಂತ ಬರೆದಿದ್ದಾನೆ. ನಾನು ಮುಟ್ಟಲಿಲ್ಲ.

ಸದ್ಯಕ್ಕೆ ಆ ಮೊದಲ ಸಾಲನ್ನು ಹೀಗೆ ತಿದ್ದಿದ್ದೇನೆ: "ವಿಂಡೋಸ್‌ನಲ್ಲಿ 4 ಜಿಬಿ ಕಾರ್ಡುಗಳ ಹ್ಯಾಶ್‌ರೇಟ್ ಬೇಗ ತಗ್ಗಿತು." 'ಕುಸಿ' ತೆಗೆದರೆ ಮಾರ್ಕೆಟ್ ವಾಸನೆ ಅರ್ಧ ಹೋಗುತ್ತೆ. ಟೇಬಲ್ಲಿನ ತಲೆಯಲ್ಲಿ 'ಸೆಕೆಂಡಿಗೆ ಎಷ್ಟು ಹ್ಯಾಶ್' ಅಂತ ಹಾಕಿದ್ದೇನೆ, ಆದರೆ ವಾಕ್ಯದ ನಡುವೆ ಅದು ಉದ್ದ. ಕಾಸರಗೋಡು, ಅಕ್ಕಲಕೋಟೆ, ಹೊಸೂರು ಕಡೆಯವರು ಇದಕ್ಕೆ ಏನಂತೀರಿ? ಚಿಕ್ಕ ಪದ ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.